ಬೀಗರು ಬರೋತನಕ

ಹದಿನೈದು ದಿನ ಎಂದರು ಹಲ್ಲಿನ ಡಾಕ್ಟರು. ಅದಕ್ಕಿಂತ ಒಂದು ದಿನವೂ ಹೆಚ್ಚಿಗೆ ಕೇಳಬೇಡಿ ಎಂದರು. ಕಲಬುರಗಿಯ ಆ ಸಣ್ಣ ದವಾಖಾನೆಯಲ್ಲಿ ಚಾಚಾ ಬಾಯಿ ತೆರೆದುಕೊಂಡು ಕುರ್ಚಿಗೆ ಒರಗಿದ್ದರು. ನಾನು ಅವರ ಕ್ಲಾರಿನೆಟ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದೆ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳೂ ಅಲುಗಾಡುತ್ತಿದ್ದವು. ಸಕ್ಕರೆ ಕಾಯಿಲೆ ವಸಡನ್ನು ತಿಂದು ಹಾಕಿತ್ತು. ತೆಗೆಯದೆ ಬಿಟ್ಟರೆ ಕೀವು ಮೇಲಕ್ಕೇರುತ್ತದಂತೆ. ಕಟ್ಟಿಸಿದ ಹಲ್ಲಿನಲ್ಲಿ ಊದಬಹುದೇ ಎಂದು ನಾನೇ ಕೇಳಿದೆ.

"ರೊಟ್ಟಿ ತಿನ್ನಬಹುದ್ರಿ. ಊದೋದು ನಾ ಹೇಳ್ಲಾರೆ," ಎಂದರು ಡಾಕ್ಟರು.

ಕ್ಲಾರಿನೆಟ್ ಊದುವವರು ಮೇಲಿನ ಹಲ್ಲನ್ನು ವಾದ್ಯದ ತುದಿಯ ಮೇಲೆ ಊರಿ, ಕೆಳತುಟಿಯನ್ನು ಒಳಕ್ಕೆ ಮಡಚಿ ಉಸಿರು ಬಿಡುತ್ತಾರೆ. ಆ ಹಲ್ಲು ಹೋದರೆ ಹಿಡಿತವೇ ಹೋಯಿತು. ಇದು ಚಾಚಾಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಆಳಂದದ ಬಸ್ಸು ಹತ್ತಿ ಕುಳಿತ ಮೇಲೆ ನಗತೊಡಗಿದರು.

"ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ. ಇಷ್ಟ್ ವರ್ಷ ಊದೀನಿ ಬೇಟಿ, ಒಬ್ಬರೂ ರೆಕಾರ್ಡ್ ಮಾಡ್ಲಿಲ್ಲ. ಈಗ ನೀವು ಬಂದೀರಿ, ಹಲ್ಲು ಹೊಂಟಾವ."

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ನನ್ನದು ಒಲೆಯ ಮೇಲಿನ ಹಾಲಿನ ಸ್ವಭಾವ, ಯಾವಾಗ ಉಕ್ಕುತ್ತೇನೋ ನನಗೇ ತಿಳಿಯದು. "ಈಕಿ ಕುಂತಲ್ಲಿ ಕುಂಡ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ," ಎಂದು ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಆ ಬಸ್ಸಿನಲ್ಲೂ ಹಾಗೆಯೇ ಆಯಿತು. ಬೆರಳು ಮಡಚಿ ದಿನ ಎಣಿಸುತ್ತ, ಫೋನ್ ತೆಗೆಯುತ್ತ ಇಡುತ್ತ, ನಮ್ಮ ವಾದ್ಯತಂಡದ ಉಳಿದಿಬ್ಬರಿಗೂ ಕರೆ ಮಾಡಿ ಕೂಗಾಡಿದೆ. ರೆಕಾರ್ಡಿಂಗ್ ಬೇಸಿಗೆಗಲ್ಲ, ಈಗಲೇ ಆಗಬೇಕು. ಚಾಚಾನ ಹಲ್ಲು ಬೀಳುವುದರೊಳಗೆ ನಮ್ಮ ಮೊದಲ ಆಲ್ಬಂ ಆಗಲೇಬೇಕು.

ಚಾಚಾ ನನಗೆ ರಕ್ತಸಂಬಂಧಿಯಲ್ಲ. ಆಳಂದದಲ್ಲಿ ನಮ್ಮ ಹಿಂದಿನ ಓಣಿಯವರು, ಮದುವೆ ಬ್ಯಾಂಡಿನ ಮಾಸ್ತರರು. ಆ ಬ್ಯಾಂಡಿನ ಕ್ಲಾರಿನೆಟ್ಟಿಗೆ ನಾನು ಹುಟ್ಟಿದಾಗಿನಿಂದ ಕಿವಿ ಮುಚ್ಚಿಕೊಳ್ಳುತ್ತಲೇ ಬಂದವಳು. ನಮ್ಮದು ಬಸವಣ್ಣನವರನ್ನು ನಂಬಿದ ಮನೆ. ವಚನ ಹಾಡುವುದಕ್ಕೆಂದು ಅಪ್ಪ ತಂದಿಟ್ಟ ಹಾರ್ಮೋನಿಯಂ ನನ್ನ ಕೈಗೆ ಬಂತು, ಮುಂದೆ ಅದು ಕೀಬೋರ್ಡ್ ಆಯಿತು. ಮಾದನಹಿಪ್ಪರಗಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಾಝ್ ಕೇಳುವ ಚಟ ಹತ್ತಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ. ಫೋನು ಒಂದರ ಹಿಂದೆ ಒಂದು ಹಾಕುತ್ತ ಹೋಯಿತು, ನಾನು ಕೇಳುತ್ತ ಹೋದೆ. ದಾರಿ ಬಿಟ್ಟು ಅಡ್ಡಾಡಿ ಮತ್ತೆ ದಾರಿಗೆ ಬರುವ ಆ ಸಂಗೀತ ನನ್ನ ಸ್ವಭಾವಕ್ಕೆ ಒಗ್ಗಿತು.

ಎಲ್ಲ ಸುರುವಾಗಿದ್ದು ನನ್ನ ಕಾಕಾನ ಮಗಳ ಮದುವೆಯಲ್ಲಿ. ವರನ ಮೆರವಣಿಗೆ ಬಂದು ಅಗಸಿಯಲ್ಲಿ, ಅಂದರೆ ಹಳೇ ಊರಬಾಗಿಲಲ್ಲಿ, ನಿಂತಿತ್ತು. ಹೆಣ್ಣಿನ ಕಡೆಯವರು ಆರತಿ ಹಿಡಿದು ಹೋಗಿ ಬೀಗರನ್ನು ಎದುರುಗೊಳ್ಳಬೇಕು, ಅಲ್ಲಿಯವರೆಗೆ ಅವರು ಅಗಸಿ ದಾಟುವಂತಿಲ್ಲ. ನಮ್ಮ ಮುತ್ತೈದೆಯರು ಇನ್ನೂ ಸೀರೆ ಉಡುತ್ತಿದ್ದರು. ಬ್ಯಾಂಡಿನವರಿಗೆ ಸಿನಿಮಾ ಹಾಡುಗಳೆಲ್ಲ ಮುಗಿದು ಹೋದವು. ಆಗ ಮಾಳಿಗೆಯ ಮೇಲಿದ್ದ ನನಗೆ ಏನೋ ಒಂದು ಕೇಳಿಸಿತು. ಯಾವ ಹಾಡೂ ಅಲ್ಲದ ಒಂದು. ಭೈರವಿಯಲ್ಲಿ ಹೊರಟು, ಎಲ್ಲೋ ಜಾರಿ, ಯಾವುದೋ ಲಾವಣಿಯ ಮೂಲೆ ಮುಟ್ಟಿ, ಬಿದ್ದೇ ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಎದ್ದು ನಿಲ್ಲುತ್ತಿತ್ತು. ಬರಿಗಾಲಲ್ಲೇ ಓಡಿ ಹೋದೆ.

"ಚಾಚಾ, ಯಾವ ಹಾಡ್ರಿ ಅದು?"

"ಹಾಡಲ್ಲ ಬೇಟಿ," ಎಂದರು ಚಾಚಾ ಬೆವರು ಒರೆಸಿಕೊಳ್ಳುತ್ತ. "ಬೀಗರು ಬರೋತನಕ ಏನರೆ ಒಂದು ಊದಬೇಕಲ್ಲ."

ಅಯ್ಯೋ ದೇವರೇ, ಬಸ್ಸಿನಲ್ಲಿ ಕುಳಿತು ನಾನು ಏಳು ಸಮುದ್ರದಾಚೆ ಹುಡುಕುತ್ತಿದ್ದುದು ಹಿಂದಿನ ಓಣಿಯಲ್ಲಿತ್ತು! ಅವತ್ತೇ ಆ ಮದುವೆಯ ವಿಡಿಯೋ ತೆಗೆಯುತ್ತಿದ್ದವನನ್ನು ಹಿಡಿದೆ. ಜೇವರ್ಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು, ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆಂದು ಕೇಳಿದ್ದೆ. ಅವನು ಅದೇ ಆರ್ಕೆಸ್ಟ್ರಾದ ಡ್ರಮ್ಮಿನವನನ್ನು ಕರೆತಂದ. ಅಫಜಲಪುರದ ಹುರುಪಿನ ಯುವಕ, ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೀಗೆ ನಾಲ್ವರಾದೆವು. ಡ್ರಮ್ ಸೆಟ್ಟನ್ನು ಬಸ್ಸಿಗೆ ಹಾಕಲಾಗದಾದ್ದರಿಂದ ರವಿವಾರಗಳಂದು ನಾವೇ ಅಫಜಲಪುರಕ್ಕೆ ಹೋಗಿ ಅವನ ಮನೆಯ ಮಾಳಿಗೆಯಲ್ಲಿ ಕೂಡುತ್ತಿದ್ದೆವು.

ಹೆಸರಿಗಾಗಿ ಆದ ಜಗಳ ಒಂದೆರಡಲ್ಲ. ಬೇಸಿನವನಿಗೆ ಇಂಗ್ಲಿಷ್ ಹೆಸರು ಬೇಕಿತ್ತು, ಪೋಸ್ಟರಿನಲ್ಲಿ ಚಂದ ಕಾಣುತ್ತದೆಂದು. ಕೊನೆಗೆ "ಭೀಮಾ ಕ್ವಾರ್ಟೆಟ್" ಎಂದು ಬರೆದು ತಂದ. ಕ್ವಾರ್ಟೆಟ್ ಅಂದರೇನು ಎಂದರು ಚಾಚಾ.

"ನಾಕ್ ಮಂದಿ ಅಂತ ಅರ್ಥರಿ."

"ನಾಕ್ ಮಂದಿ ಅಂದ್ರ ಜನಾಜಾ ಹೊರೋರು, ಹೆಣಕ್ಕ ಹೆಗಲು ಕೊಡೋರು ಲೇ! ಮದುವಿ ಊದೋ ಬಾಯಿ ನಂದು."

ಡ್ರಮ್ಮಿನವನು ತನ್ನ ಕಾರ್ಖಾನೆಯ ನೆನಪಿಗೆ "ಶುಗರ್" ಎಂದಿಡೋಣ ಎಂದ. "ನನ್ನ ರಕ್ತದಾಗ ಇರೋದು ಸಾಕಾಗಂಗಿಲ್ಲೇನು?" ಎಂದರು ಚಾಚಾ. ಮೂವರೂ ಉರುಳಾಡಿ ನಕ್ಕರು. ನಾನೊಬ್ಬಳು ನಗದೆ, "ಅಗಸಿ" ಎಂದೆ. ಎಲ್ಲಿ ನಿಂತು ಊದುವಾಗ ಅವರು ಯಾರ ಹಾಡನ್ನೂ ಊದುವುದಿಲ್ಲವೋ ಆ ಜಾಗದ ಹೆಸರು. ಚಾಚಾ "ಆತು, ಇಡ್ರಿ," ಎಂದರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

ಹೆಸರನ್ನು ಅಷ್ಟು ತಿಳಿದು ಇಟ್ಟವಳು ಮುಂದೆ ಮಾಡಿದ್ದೇನು ಗೊತ್ತೇ? ಅಗಸಿಯನ್ನೇ ಮುಚ್ಚಲು ಹೊರಟೆ. ನಮಗೆಲ್ಲ ಒಳಗೊಳಗೆ ನಾಚಿಕೆ ಇತ್ತು. ಫೋನಿನಲ್ಲಿ ಕೇಳುವ ದೊಡ್ಡ ದೊಡ್ಡ ವಾದ್ಯಗಾರರ ಹಾಗೆ ಕೇಳಿಸಬೇಕು, ಮದುವೆ ಬ್ಯಾಂಡಿನ ಹಾಗೆ ಮಾತ್ರ ಕೇಳಿಸಬಾರದು. ನಾನು ಹೊಸ ಹೊಸ ಸ್ವರಗುಚ್ಛ ಹುಡುಕಿ ಒತ್ತುತ್ತಿದ್ದೆ. "ನಾಕ್ ಸುರ್ ಒಮ್ಮೆಲೇ ಒತ್ತಿದ್ರ ನಾ ಯಾವುದರ ಮ್ಯಾಲ ನಿಂದ್ರಲಿ ಬೇಟಿ?" ಎಂದು ಚಾಚಾ ಕೇಳುತ್ತಿದ್ದರು. ಆದರೂ ಕಲಿತರು. ನಮ್ಮ ಮೂವರಿಗಿಂತ ಬೇಗ ಕಲಿತರು. ಡ್ರಮ್ಮಿನವನು ಕಬ್ಬು ಅರೆಯುವ ಯಂತ್ರದ ಸದ್ದಿನಿಂದ ಏಳು ಮಾತ್ರೆಯ ಒಂದು ನಡೆ ಹಿಡಿದು ತಂದ, ಅದರ ಮೇಲೆ ಬೇಸಿನವನು ಕುಣಿದಾಡಿದ. ಆರು ತುಣುಕು ತಯಾರಾದವು. ಅಷ್ಟರಲ್ಲಿ ಹಲ್ಲು ನೋವು ಬಂತು, ಡಾಕ್ಟರು ಬಂದರು, ಹದಿನೈದು ದಿನ ಬಂತು.

ಧನುರ್ಮಾಸ ನಡೆದಿತ್ತು. ಮದುವೆಗಳು ಕಡಿಮೆ, ಹಾಗಾಗಿ ಚಾಚಾಗೆ ಪುರಸೊತ್ತಿತ್ತು. ಆದರೆ ಅದೇ ಕಬ್ಬು ನುರಿಸುವ ಕಾಲವೂ ಹೌದು, ಡ್ರಮ್ಮಿನವನಿಗೆ ರಜೆ ಸಿಗಲಿಲ್ಲ. ಅವನು ಪಾಳಿ ಬದಲಿಸಿಕೊಂಡು ಬರುವ ಹೊತ್ತಿಗೆ ಹನ್ನೊಂದು ದಿನ ಹೋಗಿಬಿಟ್ಟಿದ್ದವು. ಆ ಹನ್ನೊಂದು ದಿನ ನಾನು ಮನೆಯವರಿಗೆ, ಶಾಲೆಯವರಿಗೆ, ಬಸ್ ಕಂಡಕ್ಟರಿಗೆ, ಸಿಕ್ಕ ಸಿಕ್ಕವರಿಗೆಲ್ಲ ಸಿಡುಕಿದೆ. ಬೆಳಿಗ್ಗೆದ್ದು ಚಾಚಾಗೆ ಫೋನ್ ಮಾಡಿ "ಹಲ್ಲು ಅದಾವೇನ್ರಿ?" ಎಂದು ಕೇಳುವಷ್ಟು ಹುಚ್ಚಾಗಿದ್ದೆ. "ಹೂಂ ಬೇಟಿ. ಅದಾವ, ಅದಾವ," ಎಂದು ನಗುತ್ತಿದ್ದರು.

ಕಡೆಗೂ ಜೇವರ್ಗಿ ಸೇರಿದೆವು. ಆಳಂದದಿಂದ ಕಲಬುರಗಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹೋಗಬೇಕು. ಡ್ರಮ್ ಸೆಟ್ಟು ಬಾಡಿಗೆ ಟೆಂಪೋದಲ್ಲಿ ಬಂದಿತ್ತು. ಚಾಚಾ ಅಲ್ಲಿಯ ತಮ್ಮ ತಂಗಿಯ ಮನೆಯಲ್ಲಿ ಉಳಿದರು, ನಾನು ಬೇಸಿನವನ ಮನೆಯಲ್ಲಿ. ಅವನ ಸ್ಟುಡಿಯೋದ ಒಳಕೋಣೆಯ ಗೋಡೆಗಳಿಗೆಲ್ಲ ಅವನ ತಾಯಿ ಹೊಲಿದ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದ, ಹೊರಗಿನ ಸದ್ದು ಬಾರದಿರಲೆಂದು. ಎಲ್ಲರ ಕಿವಿಗೂ ಹೆಡ್‌ಫೋನ್. ಅದರಲ್ಲಿ ಲಯ ತಪ್ಪದಿರಲು ಗಡಿಯಾರದಂತೆ ಟಿಕ್ ಟಿಕ್ ಸದ್ದು.

ಚಾಚಾ ಊದಲು ಸುರು ಮಾಡಿದರು, ಜೊತೆಗೇ ನಡೆಯಲೂ ಸುರು ಮಾಡಿದರು. ಚಪ್ಪಲಿಯ ಸರಸರ ಮೈಕಿಗೆ ಬಂತು. ನಿಲ್ಲಿಸಿದೆ. ಚಪ್ಪಲಿ ಬಿಟ್ಟರು. ಮತ್ತೆ ನಡೆದರು, ಹೆಡ್‌ಫೋನಿನ ವೈರು ಎಳೆದು ಕಿತ್ತುಬಂತು. ನಿಲ್ಲಿಸಿದೆ. "ನಿಂತು ಊದ್ರಿ ಚಾಚಾ, ಅಲ್ಲಾಡಬ್ಯಾಡ್ರಿ," ಎಂದೆ. ನಿಂತರು. ನಿಂತರೆ ಅವರ ಲಯ ಒಮ್ಮೆ ಮುಂದಕ್ಕೆ ಓಡುತ್ತಿತ್ತು, ಒಮ್ಮೆ ಹಿಂದೆ ಬೀಳುತ್ತಿತ್ತು. ರವಿವಾರಗಳಲ್ಲಿ ಮಾಳಿಗೆಯ ತುಂಬ ಅಡ್ಡಾಡುತ್ತ ಎಂದೂ ತಪ್ಪದವರು ಇಲ್ಲಿ ಮಕ್ಕಳ ಹಾಗೆ ತಪ್ಪುತ್ತಿದ್ದರು. ಹತ್ತು ಸಲ, ಹದಿಮೂರು ಸಲ ನಿಲ್ಲಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಊದಿಕೊಂಡಿತ್ತು. "ಕುಣೀಲಿಕ್ಕ ಬರದಾಕಿ ನೆಲಾ ಡೊಂಕ ಅಂದ್ಳಂತ, ಹಂಗಾತು ನಂದು," ಎಂದು ನಗಲು ನೋಡಿದರು. ನನ್ನ ಸಿಟ್ಟಿನ ಹಾಲು ಉಕ್ಕಿತು.

"ಚಾಚಾ, ಇದು ಮದುವಿ ಅಲ್ಲರಿ! ಬ್ಯಾಂಡ್ ಬಾಜಾದವ್ರಂಗ ಊದಬ್ಯಾಡ್ರಿ!"

ಚಾಚಾ ಹೆಡ್‌ಫೋನ್ ತೆಗೆದಿಟ್ಟರು. ಕರವಸ್ತ್ರದಿಂದ ಕ್ಲಾರಿನೆಟ್ಟನ್ನು ತುದಿಯಿಂದ ಬುಡದವರೆಗೆ ಒರೆಸಿದರು. "ಆಯ್ತ್ರಿ ಅಕ್ಕೋರ," ಎಂದರು. ಶಾಲೆಯ ಮಾಸ್ತರಿಣಿಯನ್ನು ಊರವರು ಕರೆಯುವ ಹಾಗೆ. ಅಷ್ಟು ವರ್ಷ ಬೇಟಿ ಅಂದ ಬಾಯಿ ಅದು. ನನ್ನ ನಾಲಿಗೆಯನ್ನು ಕಿತ್ತೊಗೆಯಬೇಕೆನಿಸಿತು. ಆದರೆ ಅವತ್ತು ತಪ್ಪಾಯಿತು ಅನ್ನದೆ ಕೀಬೋರ್ಡಿನ ವೈರು ಸುತ್ತತೊಡಗಿದೆ.

ಮರುದಿನ ಬೆಳಿಗ್ಗೆ ಒಂಬತ್ತಾದರೂ ಚಾಚಾ ಬರಲಿಲ್ಲ. ಉಳಿದದ್ದು ಮೂರೇ ದಿನ. ನಾನು ಕೋಣೆಯೊಳಗೆ ಅತ್ತಿಂದಿತ್ತ ತಿರುಗಿ ತಿರುಗಿ ಸಾಕಾಗಿ, ಡ್ರಮ್ಮಿನವನನ್ನು ಎಬ್ಬಿಸಿಕೊಂಡು ಅವರ ತಂಗಿಯ ಮನೆಗೆ ಹೊರಟೆ. ದಾರಿಯಲ್ಲಿ ಅವನು ನೆಲ ನೋಡುತ್ತ ಬಾಯಿಬಿಟ್ಟ.

"ಅಕ್ಕಾ, ಒಂದ್ ಮಾತು ಹೇಳ್ಲೇನು? ಚಾಚಾಗ ಆ ಟಿಕ್ ಟಿಕ್ ನಡ್ಯಂಗಿಲ್ಲ. ಬಾಜಾದಾಗ ಮಾಸ್ತರ್ ನಡೀತಾನ, ಬಡಿಯೋರು ಹಿಂದಿರ್ತಾರ. ಮಾಸ್ತರ್ ಹಿಮ್ಮಡ ನೋಡ್ಕೋತ ಬಡೀಬೇಕು. ಲಯ ಅವನ ಕಾಲಾಗ ಇರ್ತದ."

"ನಿನಗ ಹ್ಯಾಂಗ ಗೊತ್ತು?"

"ನಾ ಡ್ರಮ್ ಕಲಿಯೂಕಿಂತ ಮೊದಲು ಆರ್ ವರ್ಷ ಬಾಜಾದಾಗ ಬಡದೀನ್ರಿ."

"ಮತ್ತ ನಿನ್ನೆ ಯಾಕ ಬಾಯಿ ಮುಚ್ಚಿದ್ದಿ ಲೇ?"

"ಬಾಜಾ ಅನ್ನೋದೇ ಕೇಳಿಸಬಾರದು ಅಂತ ನೀವೇ ಅಂತಿದ್ರಿ. ನಾ ಬಾಜಾದಾವ ಅಂತ ಹ್ಯಾಂಗ ಹೇಳ್ಲಿ?"

ಕಪಾಳಕ್ಕೆ ಹೊಡೆದ ಹಾಗಾಯಿತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಕ್ಲಾರಿನೆಟ್ ಕೇಳಿಸಿತು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಚಾಚಾ ಅತ್ತಿಂದಿತ್ತ ನಡೆಯುತ್ತ, ಹಿಂದಿನ ದಿನ ಹದಿಮೂರು ಸಲ ಕೆಟ್ಟ ತುಣುಕನ್ನು ಊದುತ್ತಿದ್ದರು. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಡ್ರಮ್ಮಿನವನು ಸುಮ್ಮನೆ ಹೋಗಿ ಅವರ ಹಿಂದೆ ಸೇರಿಕೊಂಡ. ಹಿಮ್ಮಡಿಯ ಮೇಲೆ ಕಣ್ಣಿಟ್ಟು ತನ್ನ ತೊಡೆಯ ಮೇಲೆ ತಾಳ ಹಾಕತೊಡಗಿದ. ಮೂರು ಸುತ್ತು ಹಾಗೆ ನಡೆದರು. ಇದೇ ನಮ್ಮ ಸಂಗೀತ, ಇದನ್ನೇ ನಾನು ಕೌದಿಯ ಕೋಣೆಯಲ್ಲಿ ಕೂಡಿಹಾಕಿ ಕೊಲ್ಲುತ್ತಿದ್ದೆ.

"ತಪ್ಪಾತ್ರಿ ಚಾಚಾ," ಎಂದೆ. ಈ ಸಲ ಮಾತು ಹೊರಬಿತ್ತು.

"ಏನ್ ತಪ್ಪು ಬೇಟಿ? ನಾ ನಿಂತ್ರ ಸ್ವರಾನೂ ನಿಂದ್ರತದ. ನಾನರೆ ಏನ್ ಮಾಡ್ಲಿ?" ಎಂದರು. ಬೇಟಿ ಅಂದರಲ್ಲ, ನನಗೆ ಜೀವ ಬಂತು.

ಬೇಸಿನವನ ಪಕ್ಕದ ಮನೆಯವರದೊಂದು ತೊಗರಿ ಗೋದಾಮು ಇತ್ತು. ಹೊಸ ತೊಗರಿ ಇನ್ನೂ ಬಂದಿರಲಿಲ್ಲ, ಖಾಲಿ ಬಿದ್ದಿತ್ತು. ಕೀಲಿ ಇಸಿದುಕೊಂಡು ಬಂದೆವು. ನಡುವೆ ಡ್ರಮ್ಮು, ಪಕ್ಕಕ್ಕೆ ನಾನು ಮತ್ತು ಬೇಸು. ಮದುವೆ ವಿಡಿಯೋಗೆ ವರನ ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ವೈರಿಲ್ಲದ ಮೈಕನ್ನು ಬೇಸಿನವನು ಕ್ಲಾರಿನೆಟ್ಟಿಗೆ ಕಟ್ಟಿದ. ಹೆಡ್‌ಫೋನ್ ಇಲ್ಲ, ಟಿಕ್ ಟಿಕ್ ಇಲ್ಲ. ಚಾಚಾ ಗೋದಾಮಿನ ಗೋಡೆಗುಂಟ ನಡೆದರು, ನಾವು ಮೂವರೂ ಅವರ ಹಿಮ್ಮಡಿ ನೋಡುತ್ತ ನುಡಿಸಿದೆವು. ಅವರು ಮೂಲೆಯಲ್ಲಿ ತಿರುಗುವಾಗ ಲಯ ಒಂದು ಚೂರು ಹಿಗ್ಗುತ್ತಿತ್ತು, ನಾವೂ ಹಿಗ್ಗುತ್ತಿದ್ದೆವು. ತಗಡಿನ ಮಾಡಿನಲ್ಲಿ ಗುಬ್ಬಿಗಳ ಗದ್ದಲ. ಇರಲಿ ಬಿಡು ಎಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಬೇಸಿನವನು ಕಣ್ಣರಳಿಸಿದ. ಎರಡು ದಿನದಲ್ಲಿ ಐದು ತುಣುಕು ಮುಗಿದವು.

ಕೊನೆಯ ದಿನಕ್ಕೆ ಉಳಿದದ್ದು ಅಗಸಿಯಲ್ಲಿ ನಾನು ಮೊದಲು ಕೇಳಿದ್ದು, ಆ ಹಾಡಲ್ಲದ ಹಾಡು. ಚಾಚಾ ಅವತ್ತು ಚಹಾ ಮಾತ್ರ ಕುಡಿದಿದ್ದರು. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೇ ಸುತ್ತಿನಲ್ಲಿ ಅವರು ಬಾಗಿಲ ಬೆಳಕಿಗೆ ಬಂದಾಗ ಕೆಳತುಟಿಯ ಮೇಲೆ ಕೆಂಪಗೆ ಕಂಡಿತು. ಸ್ವರದೊಳಗೆ ಗಾಳಿ ಸೋರಿತು, ಹಲ್ಲು ಹೋಗಿತ್ತು. ನಿಲ್ಲಿಸಲು ನನ್ನ ಕೈ ಮೇಲೆದ್ದಿತು. ಚಾಚಾ ನನ್ನನ್ನು ನೋಡಿ ಬೇಡ ಎಂಬಂತೆ ಹುಬ್ಬು ಕುಣಿಸಿದರು. ಕಾಲು ನಿಲ್ಲಲಿಲ್ಲ. ಮೇಲಿನ ಸ್ವರಗಳು ಇನ್ನು ಬರುವುದಿಲ್ಲವೆಂದು ಅವರಿಗೆ ತಿಳಿಯಿತು. ಇಡೀ ರಾಗವನ್ನು ಮೆಲ್ಲಗೆ ಕೆಳಕ್ಕಿಳಿಸಿದರು. ನಾನು ಅಳುತ್ತಲೇ ಅವರ ಹಿಂದೆ ಇಳಿದೆ. ಬೇಸಿನವನೂ ಇಳಿದ. ಕೊನೆಯ ಸ್ವರ ಮುಗಿದ ಮೇಲೆಯೇ ಅವರು ಕರವಸ್ತ್ರಕ್ಕೆ ಉಗುಳಿ, "ಅರ್ಧ ದಾರ್ಯಾಗ ಬಾಜಾ ನಿಲ್ಲಸ್ಬಾರ್ದು ಬೇಟಿ, ಮದುಮಗಗ ಅಪಶಕುನ," ಎಂದರು.

ಆಲ್ಬಮ್ಮಿಗೆ "ಬೀಗರು ಬರೋತನಕ" ಎಂದೇ ಹೆಸರಿಟ್ಟೆವು. ಶಬ್ದ ಸರಿಮಾಡಿ, ಮುಖಚಿತ್ರ ಮಾಡಿ, ಇಂಟರ್‌ನೆಟ್ಟಿಗೆ ಏರಿಸುವ ಹೊತ್ತಿಗೆ ಎರಡು ತಿಂಗಳಾಯಿತು. ಮುಂದೆ ಎಲ್ಲೆಲ್ಲಿಯವರೋ ಕೇಳಿ ಬರೆದರು. ಕೊನೆಯ ತುಣುಕಿನ ಆ ಸೋರುವ ಸ್ವರವನ್ನು ಹೇಗೆ ತೆಗೆದಿರಿ, ಯಾವ ಯಂತ್ರ ಬಳಸಿದಿರಿ ಎಂದು ಒಬ್ಬರು ಕೇಳಿದರು. ಆ ಎರಡು ತಿಂಗಳಲ್ಲಿ ಚಾಚಾನ ಉಳಿದ ಹಲ್ಲುಗಳನ್ನೂ ತೆಗೆದು ಹೊಸವನ್ನು ಕಟ್ಟಿದ್ದರು. ಒಮ್ಮೆ ಊದಿ ನೋಡಿದರಂತೆ. ಹಲ್ಲಿನ ಕಟ್ಟೇ ಜಾರಿ ಬಂತಂತೆ. ಬ್ಯಾಂಡನ್ನು ಅಳಿಯನಿಗೆ ಒಪ್ಪಿಸಿಬಿಟ್ಟಿದ್ದರು.

ಆಲ್ಬಂ ಬಂದ ದಿನ ಶಾಲೆ ಬಿಟ್ಟವಳೇ ಒಂದು ಸಣ್ಣ ಸ್ಪೀಕರ್ ಹಿಡಿದು ನೇರ ಅವರ ಮನೆಗೆ ಹೋದೆ. ಅವರ ಹೆಂಡತಿ, ನಮ್ಮ ಚಾಚಿ, ಬಾಗಿಲು ತೆಗೆದರು. ಚಾಚಾ ಮಂಚದ ಮೇಲೆ ಕುಳಿತಿದ್ದರು, ಹೊಸ ಹಲ್ಲಿನಲ್ಲಿ ಯಾರೋ ಬೇರೆಯವರ ಹಾಗೆ ಕಂಡರು. ಫೋನು ಕೈಗೆ ಕೊಟ್ಟೆ. ಮುಖಚಿತ್ರದ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿದರು, ಬೆರಳಿನಿಂದ ಸವರಿದರು. ಆಮೇಲೆ ಫೋನನ್ನು ಮೆಲ್ಲಗೆ ನನ್ನ ಕೈಗೇ ವಾಪಸ್ಸಿಟ್ಟರು.

"ನಾ ಕೇಳಂಗಿಲ್ಲ ಬೇಟಿ."

"ಅಂದ್ರ? ಯಾರ ಸಲುವಾಗಿ ಮಾಡಿದ್ದರಿ ಇದು? ಅಷ್ಟ್ ಓಡಾಡಿದ್ದು ಯಾರ ಸಲುವಾಗಿ?" ದನಿ ಏರಿಬಿಟ್ಟಿತು.

"ಗೊತ್ತದ ನನಗ. ಕೇಳಿದ್ರ ತುಟಿ ಕ್ಲಾರಿನೆಟ್ ಬೇಡ್ತಾವ ಬೇಟಿ. ಅವಕ್ಕ ನಾ ಏನ್ ಕೊಡ್ಲಿ?"

ಚಾಚಾ ಎದ್ದು ಚಪ್ಪಲಿ ಮೆಟ್ಟಿದರು. "ನೀವಿಬ್ಬರೂ ಕೇಳ್ರಿ. ಊರಾನ ಮದುವಿ ಮಂದಿಯೆಲ್ಲಾ ಕೇಳ್ಯಾರ, ನಿಮ್ಮ ಚಾಚಿ ಒಬ್ಬಾಕಿ ಒಂದಿನಾನೂ ಕುಂತು ಕೇಳಿಲ್ಲ. ನಾ ಊದೋ ಹೊತ್ತಿನಾಗ ಈಕಿ ಮನ್ಯಾಗ ಇರ್ತಿದ್ಳು," ಎಂದು ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ಚಾಚಿ ಹೆಚ್ಚುತ್ತಿದ್ದ ಉಳ್ಳಾಗಡ್ಡಿಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಸ್ಪೀಕರಿನ ಮುಂದೆ ನೆಲಕ್ಕೆ ಕುಳಿತರು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು, ಮನೆಗೆ ಯಾರೋ ದೊಡ್ಡವರು ಬಂದ ಹಾಗೆ. ಆರು ತುಣುಕು ಮುಗಿಯುವವರೆಗೂ ಕುಳಿತಲ್ಲಿಂದ ಅಲುಗಲಿಲ್ಲ. ಕೊನೆಯದರಲ್ಲಿ ಗಾಳಿ ಸೋರಿದಾಗ ಮಾತ್ರ ನನ್ನ ಮೊಣಕೈ ಹಿಡಿದು, "ಇಲ್ಲೇನು?" ಎಂದರು. "ಹೌದ್ರಿ," ಎಂದೆ. ಕೈ ಬಿಡಲಿಲ್ಲ.

ಎಲ್ಲ ಮುಗಿಯಿತು. ಕಿಟಕಿಯಿಂದ ನೋಡಿದೆ. ಓಣಿಯ ಆ ತುದಿಯಲ್ಲಿ ಚಾಚಾ ಬೆನ್ನು ಮಾಡಿ ನಿಂತಿದ್ದರು, ಕೈ ಎರಡೂ ಹಿಂದಕ್ಕೆ ಕಟ್ಟಿಕೊಂಡು. ಅವರು ನಿಂತದ್ದನ್ನು ನಾನು ನೋಡಲಾರದೆ, "ಕರೀಲೇನ್ರಿ ಚಾಚಿ?" ಎಂದು ಕೇಳಿದೆ.

ಚಾಚಿ ಸೆರಗಿನಿಂದ ಮುಖ ಒರೆಸಿಕೊಂಡರು.

"ತಡಿಯವ್ವಾ. ಮೊದಲಿನಿಂದ ಹಚ್ಚು, ಇನ್ನೊಮ್ಮೆ ಕೇಳ್ತೀನಿ. ಅವರು ಇನ್ನ ಸ್ವಲ್ಪ ಹೊತ್ತು ಹೊರಗೇ ಇರ್ಲಿ."